ಗೂಬೆಯ ನಡುಗಡ್ಡೆ

ಒಬ್ಬರ ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟುವುದನ್ನು ಕನ್ನಡಿಗರು ‘ಗೂಬೆ ಕೂರಿಸುವುದು’ ಎನ್ನುತ್ತಾರೆ. ಈ ಮಾತಿನ ಹಿಂದಿರುವ ನಂಬಿಕೆ ಬಹಳ ಹಳೆಯದು. ಗೂಬೆ ಕುಳಿತ ಮನೆ ಹಾಳಾಗುತ್ತದೆ, ಗೂಬೆ ಕೂಗಿದರೆ ಸಾವು ಬರುತ್ತದೆ ಎಂದು ಜನ ಭಾವಿಸಿದ್ದರು. ಮಾಳಿಗೆಯ ಮೇಲೆ ಗೂಬೆ ಬಂದು ಕುಳಿತರೆ ಶಾಂತಿ ಮಾಡಿಸುತ್ತಿದ್ದುದೂ, ಕೆಲವು ದಿನ ಮನೆಯನ್ನೇ ಬಿಟ್ಟಿರುತ್ತಿದ್ದುದೂ ಉಂಟು. ಅಳುವ ಮಗುವನ್ನು ಸುಮ್ಮನಾಗಿಸಲು ತಾಯಂದಿರು ಕರೆಯುವ ‘ಗುಮ್ಮ’ ಎಂಬ ಹೆಸರು ಕೂಡ ಗೂಬೆಗೆ ಸಲ್ಲುತ್ತದೆ.

ಆದರೆ ಈ ನಂಬಿಕೆ ಎಲ್ಲೆಡೆಯೂ ಒಂದೇ ಬಗೆಯಾಗಿಲ್ಲ. ಮುಂಜಾನೆ ಮನೆಯ ಮುಂದೆ ನಿಲ್ಲುವ ಬುಡಬುಡಿಕೆಯವನು ಹಾಲಕ್ಕಿಯ ನುಡಿಯನ್ನು ಕೇಳಿ ಶುಭವನ್ನು ಸಾರುತ್ತಾನೆ. ಆ ಹಾಲಕ್ಕಿಯೂ ಗೂಬೆಯ ಜಾತಿಗೆ ಸೇರಿದ ಪುಟ್ಟ ಹಕ್ಕಿಯೇ. ಬಂಗಾಳದಲ್ಲಿ ಗೂಬೆಯು ಲಕ್ಷ್ಮಿಯ ವಾಹನವೆಂದು ಮಾನ್ಯವಾಗಿದೆ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದವರು ಇದನ್ನು ವಿದ್ಯಾಧಿದೇವತೆಯ ಹಕ್ಕಿಯೆಂದು ಗೌರವಿಸಿ ತಮ್ಮ ಬೆಳ್ಳಿಯ ನಾಣ್ಯಗಳ ಮೇಲೆ ಮುದ್ರಿಸಿದ್ದರು. ಒಂದೆಡೆ ಲಕ್ಷ್ಮಿಯ ಸಂಗಾತಿಯಾದ ಹಕ್ಕಿ ಇನ್ನೊಂದೆಡೆ ದರಿದ್ರಲಕ್ಷಣವಾಯಿತು! ದೋಷವಿರುವುದು ಹಕ್ಕಿಯಲ್ಲೋ ನೋಡುವ ಕಣ್ಣಿನಲ್ಲೋ ಎಂಬುದನ್ನು ಇದರಿಂದಲೇ ತಿಳಿಯಬಹುದು.

ಗೂಬೆಗೂ ಪಾಳುಮನೆಗೂ ನಂಟಿರುವುದೇನೋ ನಿಜ. ಆದರೆ ಗೂಬೆ ಬಂದುದರಿಂದ ಮನೆ ಪಾಳು ಬೀಳುವುದಿಲ್ಲ. ಮನೆ ಪಾಳು ಬಿದ್ದುದರಿಂದ ಗೂಬೆ ಬರುತ್ತದೆ. ಜನರ ಸುಳಿವಿಲ್ಲದ ಹಳೆಯ ಕಟ್ಟಡದಲ್ಲಿ ಗೂಡಿಗೆ ತಕ್ಕ ಸಂದುಗಳಿರುತ್ತವೆ, ಹಗಲಿನ ನಿದ್ದೆಗೆ ಬೇಕಾದ ಕತ್ತಲೆ ಇರುತ್ತದೆ, ಹೊಟ್ಟೆಗೆ ಬೇಕಾದ ಇಲಿಗಳೂ ಇರುತ್ತವೆ. ಕಾರ್ಯವನ್ನು ಕಾರಣವೆಂದು ತಪ್ಪಾಗಿ ತಿಳಿದ ಮನುಷ್ಯನು, ಏನೂ ಅರಿಯದ ಹಕ್ಕಿಯ ಮೇಲೆಯೇ ಗೂಬೆ ಕೂರಿಸಿದನು.

ಇಷ್ಟೊಂದು ಭಯಕ್ಕೆ ಕಾರಣವಾದ ಹಕ್ಕಿಯ ದೇಹರಚನೆಯನ್ನು ಪರಿಶೀಲಿಸಿದರೆ ಭಯ ಹೋಗಿ ಬೆರಗು ಮೂಡುತ್ತದೆ. ಬಹುತೇಕ ಹಕ್ಕಿಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿದ್ದರೆ, ಗೂಬೆಯ ಕಣ್ಣುಗಳು ಮನುಷ್ಯನವುಗಳಂತೆ ಮುಂದಕ್ಕೆ ನೋಡುತ್ತವೆ. ಅವು ಗುಂಡಗಿರದೆ ಕೊಳವೆಯ ಆಕಾರದಲ್ಲಿರುವುದರಿಂದ ಗುಳಿಯೊಳಗೆ ಹೊರಳಲಾರವು. ಈ ಕೊರತೆಯನ್ನು ಕೊರಳು ತುಂಬಿಕೊಡುತ್ತದೆ. ಮನುಷ್ಯನ ಕೊರಳಿನಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕೊರಳಿನಲ್ಲಿ 14 ಮೂಳೆಗಳಿವೆ. ಇದರಿಂದ ಅದು ತನ್ನ ತಲೆಯನ್ನು ಯಾವ ಕಡೆಗಾದರೂ 270 ಅಂಶಗಳವರೆಗೆ ತಿರುಗಿಸಬಲ್ಲದು. ಕುಳಿತಲ್ಲಿಂದ ಅಲುಗದೆ ಬೆನ್ನ ಹಿಂದಿನದನ್ನು ನೋಡುವ ಹಕ್ಕಿಯನ್ನು ಕಂಡು ಜನರು ಬೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಗೂಬೆಯ ಕಿವಿಯು ಕಣ್ಣಿಗಿಂತಲೂ ಸೋಜಿಗದ್ದು. ತಲೆಯ ಮೇಲೆ ಕೊಂಬಿನಂತೆ ಕಾಣುವುದು ಕಿವಿಯಲ್ಲ, ಬರಿಯ ಗರಿಗಳ ಗೊಂಚಲು. ನಿಜವಾದ ಕಿವಿಗಳು ಮುಖದ ಅಂಚಿನಲ್ಲಿ ಗರಿಗಳ ಮರೆಯಲ್ಲಿರುತ್ತವೆ. ಕಣಜ ಗೂಬೆಯಲ್ಲಿ ಒಂದು ಕಿವಿ ಸ್ವಲ್ಪ ಮೇಲಕ್ಕೂ ಇನ್ನೊಂದು ಸ್ವಲ್ಪ ಕೆಳಕ್ಕೂ ಇದೆ. ಹುಲ್ಲಿನೊಳಗೆ ಇಲಿಯೊಂದು ಸರಿದಾಡಿದರೆ ಆ ಸದ್ದು ಎರಡು ಕಿವಿಗಳನ್ನೂ ಏಕಕಾಲದಲ್ಲಿ, ಏಕಪ್ರಮಾಣದಲ್ಲಿ ಮುಟ್ಟುವುದಿಲ್ಲ. ಈ ಸೂಕ್ಷ್ಮ ಅಂತರದಿಂದಲೇ ಇಲಿಯು ಎಡಕ್ಕಿದೆಯೋ ಬಲಕ್ಕಿದೆಯೋ, ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಗೂಬೆ ಗ್ರಹಿಸುತ್ತದೆ. ತಟ್ಟೆಯಂತಹ ಅದರ ಮುಖವು ಸದ್ದನ್ನು ಕೂಡಿಸಿ ಕಿವಿಗೆ ಒಪ್ಪಿಸುತ್ತದೆ. ಬೆಳಕಿನ ಕಿರಣವೊಂದೂ ಇಲ್ಲದ ಕೋಣೆಯಲ್ಲಿ ಕಣಜ ಗೂಬೆಯು ಕೇವಲ ಸದ್ದನ್ನು ಅನುಸರಿಸಿ ಇಲಿಯನ್ನು ಹಿಡಿಯಬಲ್ಲದೆಂಬುದನ್ನು ಅಮೆರಿಕದ ವಿಜ್ಞಾನಿ ರೋಜರ್ ಪೇನ್ ಅವರು ಪ್ರಯೋಗಗಳಿಂದ ತೋರಿಸಿದರು.

ಬೇಟೆಯ ಸದ್ದು ತನಗೆ ಕೇಳಿಸಬೇಕು, ತನ್ನ ಸದ್ದು ಬೇಟೆಗೆ ಕೇಳಿಸಬಾರದು. ಇದು ಇರುಳಿನ ಬೇಟೆಗಾರನ ಅಗತ್ಯ. ಅದಕ್ಕೆ ತಕ್ಕಂತೆ ಗೂಬೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ರಚನೆಯಿದೆ, ಹಿಂದಿನ ಅಂಚಿನಲ್ಲಿ ಮೃದುವಾದ ಕುಚ್ಚಿದೆ, ಮೇಲ್ಮೈಯಲ್ಲಿ ಮಖಮಲ್ಲಿನಂತಹ ನವಿರು ಇದೆ. ಇವು ಗಾಳಿಯನ್ನು ಸೀಳುವಾಗ ಏಳುವ ಸದ್ದನ್ನು ಅಡಗಿಸುತ್ತವೆ. ಆದರೆ ಮೀನು ಗೂಬೆಗೆ ಈ ಏರ್ಪಾಡಿನ ಅಗತ್ಯವಿಲ್ಲ. ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಕೇಳಿಸದಷ್ಟೆ. ಆದುದರಿಂದ ಅದರ ಹಾರಾಟ ಅಷ್ಟು ನಿಶ್ಶಬ್ದವಲ್ಲ. ಅದಕ್ಕೆ ಬದಲಾಗಿ, ಜಾರುವ ಮೀನನ್ನು ಬಿಗಿಯಾಗಿ ಹಿಡಿಯಲು ಅದರ ಪಾದಗಳ ಅಡಿ ಮುಳ್ಳುಮುಳ್ಳಾಗಿದೆ, ಕಾಲುಗಳು ಗರಿಗಳಿಲ್ಲದೆ ಬರಿದಾಗಿವೆ. ಒಂದೊಂದು ಗೂಬೆಯೂ ತಾನು ಬಾಳುವ ನೆಲೆಗೆ ಹೀಗೆ ಹೊಂದಿಕೊಂಡಿದೆ.

ಹೀಗೆ ನೆಲೆಗೆ ತಕ್ಕ ಗೂಬೆಗಳನ್ನು ನೋಡಲು ದೂರ ಹೋಗಬೇಕಾದುದಿಲ್ಲ. ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಸಹ್ಯಾದ್ರಿಯ ಮಳೆಕಾಡು. ಪೂರ್ವದ ಅಂಚಿನಲ್ಲಿ ಬಯಲುಸೀಮೆಯ ಬಂಡೆಗುಡ್ಡಗಳು. ಈ ಕಾಡಿನ ಮಗ್ಗುಲಿನಿಂದ ಆ ಗುಡ್ಡಗಳವರೆಗೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳು ಹಬ್ಬಿವೆ. ಇಲ್ಲಿನ ಊರುಗಳ ಹುಣಿಸೆ, ಆಲ, ಅರಳಿ ಮರಗಳ ಪೊಟರೆಗಳಲ್ಲಿ ಹಾಲಕ್ಕಿ ಜೋಡಿಯಾಗಿ ವಾಸಿಸುತ್ತದೆ. ಬೂದುಮಿಶ್ರಿತ ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳುಳ್ಳ ಈ ಹಕ್ಕಿಯು ಗೊರವಂಕಕ್ಕಿಂತ ಹೆಚ್ಚು ದೊಡ್ಡದಲ್ಲ. ಮುಸ್ಸಂಜೆಯಲ್ಲಿ ವಿದ್ಯುತ್ ತಂತಿಯ ಮೇಲೆ ಕುಳಿತು, ನೋಡಿದವರನ್ನು ತಾನೂ ನೋಡಿ ತಲೆಯನ್ನು ಮೇಲೆ ಕೆಳಗೆ ಆಡಿಸುವುದು ಇದರ ಸ್ವಭಾವ. ಹಾಸನದಂತಹ ಪಟ್ಟಣದ ಹಳೆಯ ಕಟ್ಟಡಗಳಲ್ಲಿ, ಗೋದಾಮುಗಳಲ್ಲಿ, ಗುಡಿಗೋಪುರಗಳಲ್ಲಿ ನೆಲಸುವುದು ಹೃದಯಾಕಾರದ ಬಿಳಿಯ ಮುಖವುಳ್ಳ ಕಣಜ ಗೂಬೆ. ದವಸದ ಕಣಜವಿದ್ದೆಡೆ ಇಲಿ, ಇಲಿಯಿದ್ದೆಡೆ ಈ ಗೂಬೆ. ಹೆಸರೇ ಇದನ್ನು ಹೇಳುತ್ತದೆ.

ಹೊಳೆನರಸೀಪುರವು ಹೇಮಾವತಿಯ ದಡದ ಪಟ್ಟಣ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತದೆ. ಅಲ್ಲಿ ದೇವಾಲಯದ ಬಳಿಯ ಮಡುವಿನ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬರಲಾಗಿದೆ. ಇಂತಹ ಹೊಳೆಗಳ ಅಂಚಿನಲ್ಲಿ ಹಳೆಯ ಮರಗಳು ಉಳಿದಿರುವಲ್ಲಿ ಮೀನು ಗೂಬೆಗೆ ನೆಲೆ ದೊರೆಯುತ್ತದೆ. ಸಂಜೆಯಾದೊಡನೆ ನೀರಿನ ಮೇಲೆ ಬಾಗಿದ ಕೊಂಬೆಗೋ ಹೊಳೆಯ ನಡುವಣ ಬಂಡೆಗೋ ಬಂದು ಕುಳಿತು ಅದು ಮೀನು, ಏಡಿ, ಕಪ್ಪೆಗಳನ್ನು ಹೊಂಚುತ್ತದೆ. ಚನ್ನರಾಯಪಟ್ಟಣದ ಕಡೆಗೆ ಸಾಗಿದರೆ ತೆಂಗಿನ ತೋಟಗಳ ನಡುವೆ ಬೋಳು ಬಂಡೆಗಳು ತಲೆಯೆತ್ತುತ್ತವೆ. ಶ್ರವಣಬೆಳಗೊಳದ ವಿಂಧ್ಯಗಿರಿ, ಚಂದ್ರಗಿರಿಗಳು ಇಂತಹ ಬಂಡೆಗುಡ್ಡಗಳೇ. ಬಂಡೆಯ ಸೀಮೆ ಕೊಂಬಿನ ಗೂಬೆಗೆ ಪ್ರಿಯವಾದುದು. ಎರಡು ಅಡಿಗೆ ಸ್ವಲ್ಪ ಕಡಿಮೆ ಉದ್ದದ, ಕಿತ್ತಳೆ ಬಣ್ಣದ ಕಣ್ಣುಗಳ ಈ ದೊಡ್ಡ ಹಕ್ಕಿಯು ಗೂಡನ್ನೇ ಕಟ್ಟುವುದಿಲ್ಲ. ಬಂಡೆಯ ಚಾಚಿನ ಮೇಲೋ ದಿಣ್ಣೆಯ ಸಂದಿನಲ್ಲೋ ಬರಿಯ ನೆಲದ ಮೇಲೆ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು ಸುಮಾರು ಒಂದು ತಿಂಗಳಿಗೂ ಮೇಲ್ಪಟ್ಟು ಕಾವು ಕೂರುತ್ತದೆ.

ಈ ಹಕ್ಕಿಗಳಿಂದ ರೈತನಿಗಾಗುವ ಉಪಕಾರವನ್ನು ಅಳೆಯುವುದಕ್ಕೆ ಒಂದು ಸುಲಭವಾದ ಉಪಾಯವಿದೆ. ಗೂಬೆಯು ಇಲಿಯನ್ನು ಬಹುಮಟ್ಟಿಗೆ ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಮೂಳೆ, ಕೂದಲು, ಹಲ್ಲುಗಳು ಹೊಟ್ಟೆಯಲ್ಲಿ ಉಂಡೆಗಟ್ಟುತ್ತವೆ. ಆ ಉಂಡೆಯನ್ನು ಅದು ಬಾಯಿಂದ ಹೊರಹಾಕುತ್ತದೆ. ಗೂಬೆ ಕೂರುವ ಮರದ ಬುಡದಲ್ಲಿ ಬಿದ್ದ ಇಂತಹ ಒಣಗಿದ ಉಂಡೆಯನ್ನು ಬಿಡಿಸಿ ನೋಡಿದರೆ ಇಲಿಯ ತಲೆಬುರುಡೆಗಳು ದೊರೆಯುತ್ತವೆ. ವಿಜ್ಞಾನಿಗಳು ಗೂಬೆಯ ಆಹಾರದ ಲೆಕ್ಕವನ್ನು ಬರೆದಿರುವುದು ಈ ಉಂಡೆಗಳಿಂದಲೇ. ಕಣಜ ಗೂಬೆಯ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಮೊಟ್ಟೆಗಳನ್ನಿಟ್ಟ ಕ್ರಮದಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಒಂದೊಂದಾಗಿ ಒಡೆದು ಬರುತ್ತವೆ. ಇಲಿಗಳು ಹೇರಳವಾಗಿದ್ದ ವರ್ಷ ಎಲ್ಲ ಮರಿಗಳೂ ಬದುಕುತ್ತವೆ. ಇಲಿಗಳು ಕಡಿಮೆಯಾದ ವರ್ಷ ಕಿರಿಯ ಮರಿಗಳು ಉಳಿಯುವುದಿಲ್ಲ. ಬೆಳೆಯನ್ನು ತಿನ್ನುವವರು ಹೆಚ್ಚಿದಂತೆ ಕಾಯುವವರೂ ಹೆಚ್ಚುವ ಈ ಏರ್ಪಾಡು ನಿಸರ್ಗದ್ದು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆಗಳ ನೀರು ಬಯಲಿನ ಹೊಲಗಳನ್ನು ಮುಟ್ಟಿತು. ನೀರಿದ್ದಲ್ಲಿ ಭತ್ತ, ಭತ್ತವಿದ್ದಲ್ಲಿ ಇಲಿ. ಆ ಇಲಿಯ ಬೆನ್ನಿಗೆ ಗೂಬೆಯೂ ಬರಬೇಕಾದರೆ ಅದಕ್ಕೆ ಇರಲೊಂದು ತಾಣ ಬೇಕು.

ತಾಣ ಕಿರಿದಾದರೆ ಏನಾಗುತ್ತದೆಂಬುದನ್ನು ಸಮುದ್ರದ ನಡುವಿನ ದ್ವೀಪಗಳ ಗೂಬೆಗಳು ಸ್ಪಷ್ಟವಾಗಿ ತೋರಿಸುತ್ತವೆ. ದ್ವೀಪವನ್ನು ಕನ್ನಡದಲ್ಲಿ ನಡುಗಡ್ಡೆ ಎನ್ನುವುದುಂಟು. ನೀರಿನ ನಡುವೆ ಒಂಟಿಯಾಗಿ ನಿಂತ ನೆಲ ಎಂದು ಅರ್ಥ. ಉಷ್ಣವಲಯದ ಅನೇಕ ದ್ವೀಪಗಳಲ್ಲಿ ಬೇರೆಲ್ಲೂ ಇಲ್ಲದ ಗೂಬೆಗಳು ರೂಪುಗೊಂಡಿವೆ. ಎಂದೋ ಗಾಳಿಗೆ ಸಿಕ್ಕಿಯೋ ದಾರಿ ತಪ್ಪಿಯೋ ಬಂದ ಹಕ್ಕಿಗಳ ಸಂತತಿ, ಸಾವಿರಾರು ತಲೆಮಾರುಗಳವರೆಗೆ ಹೊರಗಿನ ಬಳಗದೊಡನೆ ಬೆರೆಯದೆ ಬೆಳೆದು ಬೇರೆಯ ಪ್ರಭೇದವೇ ಆಗುತ್ತದೆ. ಭಾರತದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿಯೂ ಇಂತಹ ಗೂಬೆಗಳಿವೆ. ಅವುಗಳಲ್ಲಿ ಒಂದು ನಿಕೋಬಾರಿನ ಪುಟ್ಟ ಕೊಂಬುಗೂಬೆ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಹಿಂದೆ ಸಂಗ್ರಹಿಸಿದ್ದ ಎರಡು ಮಾದರಿಗಳನ್ನು ಪರಿಶೀಲಿಸಿ, ಇದು ಹೊಸ ಪ್ರಭೇದವೆಂದು 1998ರಲ್ಲಿ ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಪಕ್ಷಿವಿಜ್ಞಾನಿ ವಿವರಿಸಿದರು.

ಇಂತಹ ಹಕ್ಕಿಯ ಕಷ್ಟವೆಂದರೆ ಅದಕ್ಕೆ ಇನ್ನೊಂದು ಮನೆಯಿಲ್ಲ. 2004ರ ಡಿಸೆಂಬರ್ 26ರಂದು ಎದ್ದ ಸುನಾಮಿಯು ನಿಕೋಬಾರಿನ ಕರಾವಳಿಯ ಕಾಡುಗಳನ್ನು ಬಡಿದು ಹಾಳುಗೆಡವಿತು. ಸಮುದ್ರವಾಗಲಿ ಕೊಡಲಿಯಾಗಲಿ ಕಾಡನ್ನು ನುಂಗಿದಾಗ, ಹೊರಗಿನಿಂದ ಹೊಸ ಹಕ್ಕಿಗಳು ಬಂದು ಖಾಲಿಯಾದ ಸ್ಥಳವನ್ನು ತುಂಬುವಂತಿಲ್ಲ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಅಲ್ಲಿಗೇ ವಿಶಿಷ್ಟವಾದ ಗೂಬೆಯೊಂದಿತ್ತು. ಮನುಷ್ಯನು ಅಲ್ಲಿ ನೆಲಸಿ ಕಾಡನ್ನು ಕಡಿಯುತ್ತಾ ಬಂದಂತೆ ಅದು ಕ್ಷೀಣಿಸಿ 19ನೆಯ ಶತಮಾನದಲ್ಲಿ ನಿರ್ನಾಮವಾಯಿತು. ಅದರ ಕೂಗು ಹೇಗಿತ್ತೆಂದು ಇಂದು ಕೇಳಬಲ್ಲವರಾರೂ ಇಲ್ಲ.

ಸಮುದ್ರವಿದ್ದರೆ ಮಾತ್ರ ದ್ವೀಪವೆಂದು ತಿಳಿಯಬೇಕಾದುದಿಲ್ಲ. ನೆಲದ ಮೇಲೆಯೂ ದ್ವೀಪಗಳಾಗುತ್ತವೆ. ಇದಕ್ಕೆ ಮಧ್ಯಭಾರತದ ಕಾಡುಹಾಲಕ್ಕಿಯ ಕಥೆಯೇ ಸಾಕ್ಷಿ. ಊರಿನ ಹಾಲಕ್ಕಿಯ ಹತ್ತಿರದ ಸಂಬಂಧಿಯಾದ ಈ ಹಕ್ಕಿಯನ್ನು 1873ರಲ್ಲಿ ಬ್ರಿಟಿಷ್ ಅಧಿಕಾರಿ ಎ. ಓ. ಹ್ಯೂಮ್ ಅವರು ಲೋಕಕ್ಕೆ ಪರಿಚಯಿಸಿದರು. 1884ರ ತರುವಾಯ ಇದು ಯಾರ ಕಣ್ಣಿಗೂ ನಿಸ್ಸಂದೇಹವಾಗಿ ಬೀಳಲಿಲ್ಲ. ಅಳಿದುಹೋಯಿತೆಂದೇ ಹಲವರು ಭಾವಿಸಿದ್ದರು. 113 ವರ್ಷಗಳ ಬಳಿಕ, 1997ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಅದೇ ರಾಸ್ಮುಸೆನ್ ಮತ್ತು ಅವರ ಜೊತೆಗಾರರು ಇದನ್ನು ಮತ್ತೆ ಕಂಡರು. ಅನಂತರ ಮಧ್ಯಪ್ರದೇಶ, ಗುಜರಾತ್‌ಗಳ ಕೆಲವು ಕಾಡುಗಳಲ್ಲಿಯೂ ಇದು ಕಂಡುಬಂದಿದೆ. ಆದರೂ ಇದು ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಸಾಲಿನಲ್ಲೇ ಇದೆ. ಸುತ್ತಲೂ ಹೊಲಗಳು, ನಡುವೆ ತುಂಡುತುಂಡಾದ ಕಾಡು. ಸಮುದ್ರವಿಲ್ಲದಿದ್ದರೂ ಅದೊಂದು ನಡುಗಡ್ಡೆ.

ಈ ದೃಷ್ಟಿಯಿಂದ ಹಾಸನ ಸೀಮೆಯನ್ನು ನೋಡಿದರೆ ಅಲ್ಲಿಯೂ ಇಂತಹ ನಡುಗಡ್ಡೆಗಳು ಕಾಣಿಸುತ್ತವೆ. ಹೊಲಗಳ ನಡುವೆ ಉಳಿದ ಗುಂಡುತೋಪು ಒಂದು ನಡುಗಡ್ಡೆ. ದೇವರ ಹೆಸರಿನಲ್ಲಿ ಬಿಟ್ಟ ಬನ ಒಂದು ನಡುಗಡ್ಡೆ. ತೆಂಗಿನ ತೋಟಗಳ ನಡುವಿನ ಬಂಡೆಗುಡ್ಡ ಒಂದು ನಡುಗಡ್ಡೆ. ಹೊಳೆಯಂಚಿನ ಹಳೆಯ ಮತ್ತಿಮರಗಳ ಸಾಲು ಒಂದು ನಡುಗಡ್ಡೆ. ಹಾಲಕ್ಕಿ, ಕಣಜ ಗೂಬೆ, ಕೊಂಬಿನ ಗೂಬೆ, ಮೀನು ಗೂಬೆಗಳು ಇಂದು ಅಳಿವಿನ ಅಂಚಿನಲ್ಲಿಲ್ಲ. ದೇಶದ ಬಹುಭಾಗಗಳಲ್ಲಿ ಅವು ಹರಡಿವೆ. ಇದು ಸಮಾಧಾನದ ಸಂಗತಿ. ಆದರೆ ಒಂದು ಊರಿನ ಪೊಟರೆಯುಳ್ಳ ಮರಗಳೆಲ್ಲ ಉರುಳಿದರೆ ಆ ಊರಿನ ಪಾಲಿಗೆ ಹಾಲಕ್ಕಿ ಇಲ್ಲವಾದಂತೆಯೇ. ಒಂದು ಗುಡ್ಡವನ್ನು ಜಲ್ಲಿಗಾಗಿ ಒಡೆದು ಮುಗಿಸಿದರೆ ಅಲ್ಲಿ ಮೊಟ್ಟೆಯಿಡುತ್ತಿದ್ದ ಕೊಂಬಿನ ಗೂಬೆಗೆ ಮತ್ತೊಂದು ಗುಡ್ಡವನ್ನು ಯಾರೂ ಕಟ್ಟಿಕೊಡಲಾರರು. ಕಡಿದ ಮರದ ಬದಲಿಗೆ ಸಸಿ ನೆಟ್ಟರೆ ನೆರಳು ಕೆಲವು ವರ್ಷಗಳಲ್ಲಿ ಬಂದೀತು. ಪೊಟರೆ ಬರುವುದಕ್ಕೆ ಹಲವು ದಶಕಗಳು ಬೇಕು.

ನೆಲೆ ಕಳೆದುಕೊಳ್ಳುವುದರ ಜೊತೆಗೆ ಗೂಬೆಗೆ ಇನ್ನೂ ಎರಡು ಆಪತ್ತುಗಳಿವೆ. ಇಲಿಪಾಷಾಣಗಳಲ್ಲಿ ಕೆಲವು ಇಲಿಯನ್ನು ಒಡನೆಯೇ ಕೊಲ್ಲುವುದಿಲ್ಲ. ವಿಷವುಂಡು ಮಂಕಾಗಿ ತೆವಳುವ ಇಲಿ ಗೂಬೆಗೆ ಸುಲಭವಾದ ತುತ್ತು. ಆ ತುತ್ತಿನೊಡನೆ ವಿಷವೂ ಅದರ ಹೊಟ್ಟೆ ಸೇರುತ್ತದೆ. ಇಲಿಗಳ ಸಂತತಿ ಬೇಗನೆ ಚೇತರಿಸಿಕೊಳ್ಳುತ್ತದೆ; ಗೂಬೆಯದು ಹಾಗಲ್ಲ. ಹೀಗೆ ವಿಷವಿಟ್ಟವನು ತನ್ನ ಹೊಲದ ಕಾವಲುಗಾರನನ್ನೇ ಕೊಂದುಕೊಳ್ಳುತ್ತಾನೆ. ಎರಡನೆಯದು ಮೂಢನಂಬಿಕೆ. ಮಾಟಮಂತ್ರಗಳಿಗಾಗಿ, ನಿಧಿಯ ಆಸೆಗಾಗಿ ಗೂಬೆಗಳನ್ನು ಹಿಡಿದು ಮಾರುವ ವ್ಯಾಪಾರ ಗುಟ್ಟಾಗಿ ನಡೆಯುತ್ತದೆಂಬುದನ್ನು ಟ್ರಾಫಿಕ್ ಇಂಡಿಯಾ ಸಂಸ್ಥೆಯ 2010ರ ವರದಿಯು ಬಯಲಿಗೆ ತಂದಿತು. ದೀಪಾವಳಿಯ ದಿನಗಳಲ್ಲಿ ಈ ಹಾವಳಿ ಹೆಚ್ಚುತ್ತದೆ. ಲಕ್ಷ್ಮಿಯ ವಾಹನವನ್ನು ಕೊಂದು ಲಕ್ಷ್ಮಿಯನ್ನು ಒಲಿಸಿಕೊಳ್ಳಬಯಸುವುದು ಎಂತಹ ವಿಪರೀತ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಕೊಲ್ಲುವುದು, ಹಿಡಿಯುವುದು, ಮಾರುವುದು ಶಿಕ್ಷಾರ್ಹ ಅಪರಾಧಗಳು.

ಭಯವನ್ನು ಬಿಟ್ಟು ಗೂಬೆಯೊಡನೆ ಸ್ನೇಹ ಬೆಳೆಸಿದ ನಾಡುಗಳೂ ಉಂಟು. ಇಸ್ರೇಲಿನ ಸ್ದೆ ಎಲಿಯಾಹು ಎಂಬ ಕೃಷಿಗ್ರಾಮದವರು 1983ರಲ್ಲಿ ಹೊಲಗಳ ನಡುವೆ ಕಣಜ ಗೂಬೆಗಳಿಗಾಗಿ ಮರದ ಗೂಡುಪೆಟ್ಟಿಗೆಗಳನ್ನು ನಿಲ್ಲಿಸಲು ತೊಡಗಿದರು. ಇಲಿಪಾಷಾಣದ ಬಳಕೆಯನ್ನು ತಗ್ಗಿಸುವುದು ಅವರ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಅದು ದೇಶವ್ಯಾಪಿಯಾದ ಯೋಜನೆಯಾಯಿತು. ನೆರೆಯ ಜೋರ್ಡಾನಿನ ರೈತರೂ ಅದರಲ್ಲಿ ಸೇರಿದರು. ಆ ನಾಡಿನಲ್ಲಿಯೂ ಗೂಬೆಯನ್ನು ಅಪಶಕುನವೆಂದು ನಂಬುತ್ತಿದ್ದರು. ಹೊಲದಲ್ಲಿ ಕಂಡ ಪ್ರಯೋಜನವು ಆ ನಂಬಿಕೆಯನ್ನು ಸಡಿಲಿಸಿತು.

ಆದರೆ ಉಪಕಾರಿಯೆಂದು ಯಾವ ಗೂಬೆಯನ್ನಾದರೂ ಎಲ್ಲಿಗಾದರೂ ಒಯ್ದು ಬಿಡುವುದು ವಿವೇಕವಲ್ಲ. ಸೇಶೆಲ್ಸ್ ದ್ವೀಪಗಳಲ್ಲಿ ಇಲಿಗಳನ್ನು ಹತೋಟಿಗೆ ತರಲೆಂದು 1949ರ ಸುಮಾರಿನಲ್ಲಿ ಆಫ್ರಿಕದಿಂದ ಕಣಜ ಗೂಬೆಗಳನ್ನು ತಂದು ಬಿಟ್ಟರು. ಅವು ಇಲಿಗಳ ಜೊತೆಗೆ ಆ ದ್ವೀಪಗಳ ಕಡಲಹಕ್ಕಿಗಳನ್ನೂ ಬೇಟೆಯಾಡತೊಡಗಿ ಹೊಸ ತೊಡಕನ್ನು ತಂದೊಡ್ಡಿದವು. ಹಾಸನದ ರೈತನಿಗೆ ಈ ತೊಡಕಿಲ್ಲ. ಅವನ ನೆರವಿಗೆ ಬೇಕಾದ ಗೂಬೆಗಳು ಹೊರಗಿನಿಂದ ಬರಬೇಕಾದುವಲ್ಲ, ಆ ನೆಲದಲ್ಲೇ ಹುಟ್ಟಿ ಬೆಳೆದವು. ಅವುಗಳನ್ನು ತರುವ ಶ್ರಮವಿಲ್ಲ, ಓಡಿಸದಿದ್ದರೆ ಸಾಕು.

ಓಡಿಸದಿರುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಪೊಟರೆಯುಳ್ಳ ಮುದಿಮರವನ್ನು ಸೌದೆಯ ಲೆಕ್ಕಕ್ಕೆ ಸೇರಿಸದೆ ಬಿಡಬಹುದು. ಭತ್ತದ ಗದ್ದೆಯಲ್ಲಿ ಅಲ್ಲಲ್ಲಿ ಉದ್ದನೆಯ ಕಂಬ ನೆಟ್ಟು ಮೇಲೊಂದು ಅಡ್ಡಕೋಲು ಕಟ್ಟಿದರೆ, ಇರುಳಿನಲ್ಲಿ ಗೂಬೆ ಅಲ್ಲಿ ಕುಳಿತು ಇಲಿಯನ್ನು ಹೊಂಚಬಲ್ಲದು. ಮರದಿಂದ ಬಿದ್ದ ಮರಿಗೆ ಕಲ್ಲೆಸೆಯುವ ಬದಲು ಅದನ್ನು ಬುಡದ ಬಳಿಯ ಎತ್ತರದ ಕೊಂಬೆಗೆ ಸೇರಿಸಬಹುದು. ತಾಯಿಹಕ್ಕಿ ಸಾಮಾನ್ಯವಾಗಿ ಅಲ್ಲಿಗೇ ಬಂದು ಉಣಿಸುತ್ತದೆ. ಗಾಯಗೊಂಡ ಹಕ್ಕಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಗೂಬೆ ಕೂಗಿದ ಇರುಳಿನ ಮರುದಿನ ಮನೆಯಲ್ಲೇನಾದರೂ ಕೆಡುಕು ಸಂಭವಿಸಿದರೆ, ಕೂಗದ ಇರುಳುಗಳ ಮರುದಿನವೂ ಕೆಡುಕುಗಳು ಸಂಭವಿಸಿರುವುದನ್ನು ಎಣಿಸಿ ನೋಡಬಹುದು. ಇಷ್ಟು ಎಣಿಕೆ ಮಾಡಬಲ್ಲ ಮನೆಯಲ್ಲಿ ಗುಮ್ಮನ ಭಯ ಬಹುಕಾಲ ನಿಲ್ಲದು.

ಮಾರಿಷಸ್ಸಿನ ಗೂಬೆಗೆ ಹೋಗಲು ಬೇರೆ ಊರಿರಲಿಲ್ಲ. ಹೇಮಾವತಿ, ಕಾವೇರಿಗಳ ಬಯಲಿನ ಗೂಬೆಗಳಿಗೆ ಇನ್ನೂ ತೋಪುಗಳಿವೆ, ಗುಡ್ಡಗಳಿವೆ, ಹೊಳೆಯಂಚಿನ ಮರಗಳಿವೆ. ಈ ನಡುಗಡ್ಡೆಗಳು ಉಳಿಯಬೇಕೋ ಮುಳುಗಬೇಕೋ ಎಂಬುದನ್ನು ನಿರ್ಧರಿಸುವುದು ಸಮುದ್ರವಲ್ಲ, ಅವುಗಳ ಸುತ್ತ ಬಾಳುವ ಜನ. ತಾವು ಕಡಿದ ಮರದ ಫಲವಾಗಿ ಇಲಿಗಳು ಹೆಚ್ಚಿದಾಗ, ಆ ತಪ್ಪಿಗೆ ಗೂಬೆ ಕೂರಿಸಲು ಅವರಿಗೆ ಗೂಬೆಯೂ ಸಿಗಲಾರದು.